ದರ್ಜಿಯ ನಲವತ್ತು ಸಾವಿರ ಅಭಿಮಾನಿಗಳು

"ಆ ಫೋನ್ ಕೆಳಗಿಳಿಸಿ! ಇದು ಹೊಲಿಗೆ ಅಂಗಡಿ, ಸರ್ಕಸ್ ಅಲ್ಲ!"

ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ದರ್ಜಿ ಗುಡುಗಿದ. ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದ ಹುಡುಗಿಯ ಎದೆ ಧಸಕ್ಕೆಂದಿತು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

"ನಿಮ್ಮ ಅಕ್ಕನೇ ನಮ್ಮ ಕಂಪನಿಗೆ ಈ ಅಂಗಡಿಯ ಪ್ರಚಾರದ ಕೆಲಸ ಒಪ್ಪಿಸಿದ್ದು. ಕೂಗಾಡೋದಿದ್ರೆ ಅವರ ಹತ್ರ ಕೂಗಾಡಿ."

"ನಾಲ್ಕು ಜನ ಲೈಕ್ ಒತ್ತಿದ್ರೆ ನನ್ನ ಹೊಲಿಗೆ ಗಟ್ಟಿ ಆಗುತ್ತಾ?"

"ನೀವು ಹೀಗೆ ಮುಖ ಗಂಟಿಕ್ಕಿದ್ರೆ ಇರೋ ಗಿರಾಕೀನೂ ಓಡಿಹೋಗ್ತಾರೆ!"

ಗಲ್ಲಾದ ಹಿಂದೆ ಕೂತಿದ್ದ ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ತಮ್ಮನ ಬಾಯಿ ಮುಚ್ಚಿಸುವವಳು ಕೊನೆಗೂ ಸಿಕ್ಕಿದಳಲ್ಲ!

*ಎಂಥಾ ಸೊಕ್ಕು ಇವನಿಗೆ!* ಎಂದುಕೊಳ್ಳುತ್ತಲೇ ಹುಡುಗಿ ಹೊರಗೆ ಬಂದಳು.

ನಿಜ ಹೇಳಬೇಕೆಂದರೆ ಅವಳಿಗೂ ತನ್ನ ಕೆಲಸ ಕಂಡರೆ ಅಸಹ್ಯ. ಮಾರ್ಕೆಟಿಂಗ್ ಕಂಪನಿಯಲ್ಲಿ ಒಂಬತ್ತು ಅಂಗಡಿಗಳ ಪೇಜ್ ಅವಳ ತಲೆಗೆ ಕಟ್ಟಿದ್ದರು. ಹಲ್ಲಿನ ಡಾಕ್ಟರಿಗೆ ಕುಣಿಯುವ ಹುಚ್ಚು. ಜಿಮ್‌ನವನಿಗೆ ತನ್ನ ತೋಳಿನ ಮೇಲೇ ಪ್ರೇಮ. ಬೇಕರಿಯವಳಿಗೆ ದಿನಕ್ಕೆ ನೂರು ಜನ ಹೊಗಳದಿದ್ದರೆ ನಿದ್ದೆಯಿಲ್ಲ. 'ನಿಮ್ಮ ಪ್ರೀತಿ ಹೀಗೇ ಇರಲಿ' ಎಂದು ಅವರೆಲ್ಲರ ಪರವಾಗಿ ಇವಳು ದಿನಕ್ಕೆ ಮೂವತ್ತು ಸಲ ಬರೆಯುತ್ತಿದ್ದಳು. ಬರೆದಾಗಲೆಲ್ಲ ಓದುವವರ ಮೇಲೆ ತಾತ್ಸಾರ... ಬರೆದ ಬೆರಳಿನ ಮೇಲೆ ಇನ್ನೂ ಹೆಚ್ಚು!

ಆದರೂ ವಾರಕ್ಕೆರಡು ಸಲ ಹೊಲಿಗೆ ಅಂಗಡಿಗೆ ಹೋಗಲೇಬೇಕಿತ್ತು.

ಒಂದು ದಿನ ದರ್ಜಿ ಮುದುಕರೊಬ್ಬರ ಕೋಟಿನ ಎಡಭುಜದೊಳಗೆ ತೆಳ್ಳಗೆ ಹತ್ತಿಯ ಪದರ ಇಟ್ಟು ಹೊಲಿಯುತ್ತಿದ್ದ.

"ಒಂದೇ ಕಡೆ ಯಾಕೆ?" ಅವಳು ಕೇಳಿದಳು.

"ಅವರ ಎಡಭುಜ ಸ್ವಲ್ಪ ಇಳಿದಿದೆ."

"ಅವರಿಗೆ ಹೇಳಿದ್ರಾ?"

"ಹೇಳಿದ್ರೆ ಕನ್ನಡಿ ನೋಡಿದಾಗೆಲ್ಲ ಭುಜಾನೇ ನೋಡ್ಕೋತಾರೆ. ಗೊತ್ತಾಗದ ಹಾಗೆ ಸರಿ ಹೋದ್ರೆ ಸಾಕಲ್ವಾ?"

ಲಕ್ಷ ಜನ ನೋಡುವಂಥ ವಿಡಿಯೊ ಅದು. ಅವಳು ಫೋನನ್ನು ಬ್ಯಾಗಿಗೆ ಹಾಕಿದಳು. ದರ್ಜಿ ತಲೆಯೆತ್ತಿ ನೋಡಿದ. ಮೊದಲ ಸಲ ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ...

ಅಂದಿನಿಂದ ಅವಳಿಗಾಗಿ ಒಂದು ಸ್ಟೂಲು ಕಿಟಕಿಯ ಪಕ್ಕಕ್ಕೆ ಬಂತು. ಬೈಗುಳ ನಿಲ್ಲಲಿಲ್ಲ. ಆದರೆ ಬೈಯುವ ಮೊದಲು "ಕಾಫಿ ಕುಡೀತೀರಾ?" ಎನ್ನುವ ಮಾತು ಸೇರಿಕೊಂಡಿತು.

ತಿಂಗಳಾಗುವಷ್ಟರಲ್ಲಿ ಆ ಸೋಮವಾರ ಬಂತು. ಹೊಲಿಗೆ ಅಂಗಡಿಯ ಪೇಜಿನಲ್ಲಿ ಮುನ್ನೂರು ಚಿಲ್ಲರೆ ಇದ್ದ ಅಭಿಮಾನಿಗಳು ರಾತ್ರಿ ಕಳೆದು ಬೆಳಗಾಗುವುದರಲ್ಲಿ ನಲವತ್ತು ಸಾವಿರ! 'ಇದೆಲ್ಲ ಬೂಟಾಟಿಕೆ' ಎನ್ನುತ್ತಿದ್ದ ದರ್ಜಿಯೂ ಕದ್ದುಮುಚ್ಚಿ ಆರು ಸಲ ಅಕ್ಕನ ಫೋನ್ ತೆಗೆದು ನೋಡಿದ. ತನ್ನ ಕೈಕೆಲಸವನ್ನು ಇಷ್ಟು ಜನ ಮೆಚ್ಚಿದರೆಂದು ಅವನ ಎದೆ ಉಬ್ಬಿತು. ಏಳನೇ ಸಲ ಕೆಳಗಿನ ಮಾತುಗಳನ್ನು ಓದಿದ.

ಅವನು ಹೊಲಿದ ಬೇರೊಂದು ಕೋಟಿನ ಚಿತ್ರದ ಕೆಳಗೆ ಬರೆದಿತ್ತು: 'ನಿಮ್ಮ ಕೇಕ್ ತುಂಬಾ ಮೃದು!' ಅದರ ಕೆಳಗೆ: 'ಬಾಯಲ್ಲಿಟ್ಟರೆ ಕರಗುತ್ತೆ!'

ಅವಳು ಬಾಗಿಲಲ್ಲಿ ಕಾಣಿಸಿದ್ದೇ ತಡ, ಫೋನನ್ನು ಅವಳ ಮುಂದೆ ಹಿಡಿದ.

"ಇವರು ಹೇಗೆ ಸಿಗ್ತಾರೆ? ಡಜನ್ ಲೆಕ್ಕಾನಾ, ಕೆಜಿ ಲೆಕ್ಕಾನಾ?"

ಓದುತ್ತಿದ್ದಂತೆ ಅವಳ ಮುಖ ಬಿಳಿಚಿತು. "ನನಗೆ... ನನಗೆ ಗೊತ್ತಿರಲಿಲ್ಲ!"

"ಸುಳ್ಳು ಮಾರೋರ ಬಾಯಲ್ಲಿ ಇನ್ನೇನು ಬರುತ್ತೆ? ನಾನೂ ನಂಬಿಬಿಟ್ನಲ್ಲ... ಥೂ!"

ಆ 'ಥೂ' ಅವಳ ಕೆನ್ನೆಗೆ ಬಾರಿಸಿದಂತಿತ್ತು. ಅಲ್ಲಿಂದ ನೇರ ಆಫೀಸಿಗೆ ನಡೆದಳು.

ಬಾಸ್ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ.

"ಓಹ್, ಅದಾ! ಬೇಕರಿಗೆ ಅಂತ ಕೊಂಡ ಜನ ದರ್ಜಿಗೆ ಹೋಗಿದಾರೆ, ದರ್ಜಿಯವರು ಬೇಕರಿಗೆ. ಇಷ್ಟಕ್ಕೆ ಅಳ್ತಾರಾ? ಎಲ್ಲರೂ ಮಾಡೋದೇ ಇದು."

"ಎಲ್ಲರೂ ಕೊಚ್ಚೆ ಕುಡಿದ್ರೆ ನಾನೂ ಕುಡೀಬೇಕಾ ಸರ್? ಅವರ ಪೇಜ್ ನಾನು ಕ್ಲೀನ್ ಮಾಡ್ತೀನಿ."

"ಮಾಡಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

"ನಾಳೆವರೆಗೂ ಯಾಕೆ?" ಕೊರಳಿನ ಗುರುತುಚೀಟಿ ತೆಗೆದು ಅವನ ಬೂಟಿನ ಪಕ್ಕ ಇಟ್ಟಳು. "ಇದಕ್ಕೆ ಅದೇ ಸರಿಯಾದ ಜಾಗ."

ದರ್ಜಿಯ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿ, ಪೇಜ್ ಮುಟ್ಟಲು ಒಪ್ಪಿಗೆ ಕೇಳಿದಳು. "ಅವರಿಗೆ ಮಾತ್ರ ಹೇಳಬೇಡಿ" ಎಂದು ಆಣೆ ಹಾಕಿಸಿದಳು.

ಆಮೇಲೆ ಹನ್ನೊಂದು ಹಗಲು ಊಟದ ಮೇಜಿನ ಮುಂದೆ ಕೂತು ಒಬ್ಬೊಬ್ಬರನ್ನೇ ಅಳಿಸಿದಳು. ಮುಖವಿಲ್ಲದವರು, ಊರಿಲ್ಲದವರು, ಹುಟ್ಟದೆಯೇ ಅಭಿಮಾನಿಗಳಾದವರು! ಹೆಬ್ಬೆರಳು ಊದಿಕೊಂಡಿತು.

"ಬೈದವನಿಗೋಸ್ಕರ ಇಷ್ಟೊಂದಾ?" ಅಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತ ಕೇಳಿದಳು.

"ಅವನಿಗೋಸ್ಕರ ಅಲ್ಲಮ್ಮ!"

"ಹೌದೌದು. ನನ್ನ ತಲೆ ಬಿಸಿಲಿಗೆ ನರೆತಿದೆ ನೋಡು!"

ಹನ್ನೆರಡನೇ ಬೆಳಿಗ್ಗೆ ಪೇಜಿನಲ್ಲಿ ಮುನ್ನೂರ ಹದಿನೆಂಟು ಜನ ಉಳಿದರು. ಅವಳು ತನ್ನ ಹೆಸರು ಹಾಕಿಯೇ ಬರೆದಳು: 'ಇಲ್ಲಿದ್ದ ನಲವತ್ತು ಸಾವಿರ ಜನ ಸುಳ್ಳು. ಅವರನ್ನು ತಂದದ್ದು ನಾನು ಕೆಲಸ ಮಾಡುತ್ತಿದ್ದ ಕಂಪನಿ. ದರ್ಜಿಗೆ ಏನೂ ಗೊತ್ತಿರಲಿಲ್ಲ. ಅವರ ಹೊಲಿಗೆ ನಿಜ.'

ಗಂಟೆಯೊಳಗೆ ಕಲ್ಲು ಬೀಳತೊಡಗಿದವು. 'ಕಳ್ಳಿ', 'ನಾಟಕದವಳು'... ಗೊತ್ತಿಲ್ಲದವರೆಲ್ಲ ಉಗಿದರು.

ಅದನ್ನು ಓದಿದ ಅಕ್ಕನಿಗೆ ಆಣೆಯೂ ಬೇಡ, ಗೀಣೆಯೂ ಬೇಡವೆನಿಸಿತು. "ಕತ್ತೆ!" ಎಂದು ತಮ್ಮನ ಎದುರು ನಿಂತಳು. "ನಿನ್ನ ಮಾನ ಉಳಿಸೋಕೆ ಆ ಹುಡುಗಿ ಕೆಲಸ ಬಿಟ್ಟಳು. ಊರವರ ಬಾಯಿಗೆ ಬಿದ್ದಳು. ನೀನಿಲ್ಲಿ ಗುಂಡಿ ಹಚ್ತಾ ಕೂತಿದ್ದೀಯ!"

ದರ್ಜಿಯ ಕೈಯಿಂದ ಕತ್ತರಿ ಜಾರಿತು.

ಅರ್ಧ ಗಂಟೆಯಲ್ಲಿ ಅವನು ಅವಳ ಮನೆಯ ಮೆಟ್ಟಿಲ ಮೇಲಿದ್ದ. ಬಾಗಿಲು ತೆರೆದವಳು ಹುಬ್ಬು ಗಂಟಿಕ್ಕಿದಳು.

"ಉಗಿಯೋದು ಇನ್ನೂ ಬಾಕಿ ಇತ್ತಾ?"

"ತಪ್ಪಾಯ್ತು." ಅವನ ದನಿ ಒಡೆಯಿತು. "ಕೇಳದೆ, ಯೋಚಿಸದೆ ಬಾಯಿಗೆ ಬಂದದ್ದು ಅಂದುಬಿಟ್ಟೆ. ಈ ಹನ್ನೊಂದು ದಿನ ಒಂದು ಅಳತೆನೂ ಸರಿ ಬಂದಿಲ್ಲ. ಯಾರ ಪ್ಯಾಂಟು ಹೊಲಿದ್ರೂ ಒಂದು ಕಾಲು ಗಿಡ್ಡ!"

ನಗಬಾರದೆಂದು ತುಟಿ ಕಚ್ಚಿದಳು. ಕಣ್ಣು ಮಾತ್ರ ತುಂಬಿ ಬಂತು.

"ನಿಮ್ಮನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ, ಗೊತ್ತಾ?"

"ಉರೀಲಿ. ದಿನಾ ಬೈಯಿರಿ. ಬೆಳಿಗ್ಗೆ ಎದ್ದ ತಕ್ಷಣ ಬೈಯಿರಿ..."

"ಅಂದ್ರೆ?"

"ನಮ್ಮ ಮನೆಗೆ ಬಂದು... ಮದುವೆ ಆಗಿ ಬೈತೀರಾ ಅಂತ ಕೇಳ್ತಾ ಇದ್ದೀನಿ."

ಒಳಗೆ ಅಮ್ಮನ ಕೈಯಿಂದ ಏನೋ ಪಾತ್ರೆ ಬಿದ್ದ ಸದ್ದಾಯಿತು.

"ಹೀಗೂ ಯಾರಾದ್ರೂ ಕೇಳ್ತಾರಾ?" ಅವಳ ದನಿ ಪಿಸುಮಾತಿಗೆ ಇಳಿದಿತ್ತು.

"ನನಗೆ ಚೆಂದವಾಗಿ ಮಾತಾಡೋಕೆ ಬರಲ್ಲ. ಇನ್ನೊಂದ್ಸಲ ಕೇಳ್ಲಾ?"

ಅವಳು ಊದಿದ ಹೆಬ್ಬೆರಳಿನ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ಕೇಳಿ... ಈ ಸಲ ನಿಧಾನವಾಗಿ."