ಮೂಲೆಯ ಬೆಂಚಿನವರೆಗೆ

ಮೊದಲ ಸಲ ಅವಳು ಅವನನ್ನು ನೋಡಿದ್ದು ತಲೆಕೆಳಗಾಗಿ.

ನೆಲದ ಮೇಲೆ ಅಂಗಾತ ಮಲಗಿ ಕಾಲೆರಡನ್ನೂ ಕುರ್ಚಿಯ ಮೇಲಿಟ್ಟುಕೊಂಡಿದ್ದಳು. ಅವಳು ಹೊಲಿದ ಪರದೆಗಳನ್ನು ಒಯ್ಯಲು ಬಂದ ವ್ಯಾನ್ ಡ್ರೈವರ್ ಗಾಬರಿಯಿಂದ ಓಡಿಬಂದು ತೋಳಿಗೆ ಕೈಹಾಕಿದ.

“ಮುಟ್ಟಿದ್ರೆ ಕೊಂದೇಬಿಡ್ತೀನಿ!”

“ಅಯ್ಯೋ, ಬಿದ್ಬಿಟ್ಟಿದ್ದೀರಿ ಅಂದ್ಕೊಂಡೆ.”

“ಬಿದ್ದಿಲ್ಲ, ಮಲಗಿದ್ದೀನಿ. ಹೀಗಿದ್ರೆ ಮಾತ್ರ ನೋವು ಸ್ವಲ್ಪ ಸುಮ್ಮನಿರುತ್ತೆ.”

ಅವನು ಕಿವಿಯವರೆಗೆ ಕೆಂಪಾದ. ಅವಳಿಗೆ ನಗು ಉಕ್ಕಿತು. ನಕ್ಕರೆ ಸೊಂಟದಿಂದ ಕಾಲಿನ ಹೆಬ್ಬೆರಳಿನವರೆಗೆ ಕರೆಂಟ್ ಹೊಡೆಯುತ್ತದೆಂದು ತುಟಿ ಕಚ್ಚಿಕೊಂಡಳು.

ಹದಿನಾಲ್ಕು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಕೂತದ್ದಕ್ಕೆ ಸಿಕ್ಕ ಬಳುವಳಿ ಅದು. ಆಪರೇಷನ್ ಸದ್ಯಕ್ಕೆ ಬೇಡ, ವ್ಯಾಯಾಮ ಮಾಡಿ, ದಿನಾ ಸ್ವಲ್ಪ ಸ್ವಲ್ಪ ನಡೀರಿ, ಕಾಲಿನ ಸ್ವಾಧೀನ ತಪ್ಪಿದರೆ ತಕ್ಷಣ ಬನ್ನಿ ಎಂದಿದ್ದರು ಡಾಕ್ಟರ್. ಜೊತೆಗಿದ್ದ ಅಕ್ಕನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಯಾರೋ ಗಂಡಸು ಒಳಗೆ ಬಂದಿದ್ದನೆಂದು ತಿಳಿದ ಮೇಲಂತೂ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗವನ್ನೇ ಹಾಕತೊಡಗಿದಳು.

“ನೀನೆಲ್ಲೋ ಹೋಗಿ ಬಿದ್ರೆ ನನಗ್ಯಾರಿದ್ದಾರೆ?”

ಪ್ರೀತಿಯೇ ಅದು, ಬೀಗ ಹಾಕಿದ ಪ್ರೀತಿ. ಗೋಡೆಯಿಂದ ಗೋಡೆಗೆ ಏಳು ಹೆಜ್ಜೆ. ಕೂತರೆ ಉರಿ, ನಿಂತರೆ ಜೋಮು, ಮಲಗಿದರೆ ಅದೇ ಸೂರು.

ಡ್ರೈವರ್ ಈಗ ಕಿಟಕಿಗೆ ಬರುತ್ತಿದ್ದ. “ಪರದೆ ಆಯ್ತಾ, ಟೇಲರ್ ಮೇಡಂ?” ಎಂದು, ಆರ್ಡರೇ ಇಲ್ಲದ ದಿನವೂ.

“ಇವತ್ತೆಷ್ಟು ಹೆಜ್ಜೆ?”

“ಏಳು. ಆಮೇಲೆ ಗೋಡೆ.”

“ನಂಗೂ ಹೀಗೇ ಆಗಿತ್ತು, ಸ್ಟೀರಿಂಗ್ ಮುಂದೆ ಕೂತು ಕೂತು. ನಡೆದೂ ನಡೆದೂ ಒಂದು ದಾರಿಗೆ ಬಂತು.”

“ಪೂರ್ತಿ ಹೋಯ್ತಾ?”

ಸುಳ್ಳು ಹೇಳುತ್ತಾನೆಂದೇ ಅವಳು ಕಾದಳು. ಸರಳುಗಳ ಆಚೆಯಿಂದ ಅವನು ನೇರ ಅವಳ ಕಣ್ಣನ್ನೇ ನೋಡಿದ. “ಇಲ್ಲ. ಆಗಾಗ ಬರುತ್ತೆ. ಬಂದಾಗ ಚೆನ್ನಾಗಿ ಬೈದು, ನಡೆಯೋಕೆ ಹೋಗ್ತೀನಿ.”

ಎಲ್ಲರೂ ವಾಸಿಯಾಗುತ್ತೆ ಎಂದು ಸಮಾಧಾನ ಹೇಳಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಇವನೊಬ್ಬನೇ.

ಸಂಜೆ ಅಕ್ಕ ಬೀಗ ತೆಗೆದಾಗ ಅವಳು ಗೋಡೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಕೀ ಕೊಡಕ್ಕ.”

“ತಲೆ ಕೆಟ್ಟಿದೆಯೇನೆ? ಬಿದ್ರೆ?”

“ಬಿದ್ರೆ ಏಳ್ತೀನಿ. ಹೀಗೇ ಇಟ್ರೆ ಏಳೋದನ್ನೇ ಮರೀತೀನಿ.”

ಅಕ್ಕ ಕಣ್ಣೊರೆಸಿಕೊಂಡು ಕೀಯನ್ನು ತಂಗಿಯ ಅಂಗೈಗೆ ಹಾಕಿದಳು. “ರಸ್ತೆ ಮೂಲೆ ತನಕ ಅಷ್ಟೇ.”

ಮರುದಿನ ಮೂಲೆಯ ಬೆಂಚಿನವರೆಗೆ ಹೋಗಲು ಅರ್ಧ ಗಂಟೆ ಹಿಡಿಯಿತು. ಕೂರಲಾಗದೆ ಅದರ ಬೆನ್ನಿಗೆ ಕೈಯೂರಿ ನಿಂತಳು. ಪಕ್ಕದಲ್ಲೇ ಬಂದಿದ್ದ ಅವನೂ ಕೂರಲಿಲ್ಲ.

“ನೀವಂದ್ರೆ ನಂಗಿಷ್ಟ,” ಎಂದ, ಶೂ ನೋಡಿಕೊಳ್ಳುತ್ತಾ.

“ಯೋಚನೆ ಮಾಡಿ. ಈ ನೋವು ಹೋಗದೇನೂ ಇರಬಹುದು.”

“ಮಾಡಿದೀನಿ. ನಾನೂ ಹೋಗಲ್ಲ.”

ಕಾಲು ಉರಿಯುತ್ತಲೇ ಇತ್ತು. ಅವಳು ರಸ್ತೆಯ ಆಚೆ ಬದಿಯನ್ನು ಅಳೆಯುವಂತೆ ನೋಡಿದಳು.

“ಹಾಗಾದ್ರೆ ನಾಳೆ ಆ ದೀಪದ ಕಂಬದ ತನಕ,” ಎಂದು ಹೇಳಿ, ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.