ಕಳ್ಳನೂ ವಾಪಸ್ ತಂದುಬಿಡುವ ಕಾರು

"ಇದನ್ನ ಕಳ್ಳ ಕದ್ದರೂ ಬೆಳಗಾಗೋದ್ರೊಳಗೆ ಅವನೇ ತಳ್ಕೊಂಡು ಬಂದು ಬಿಟ್ಟು ಹೋಗ್ತಾನೆ," ಎಂದರು ಟೈಲರ್ ಮಾಮ.

"ಸುಮ್ನೆ ಹೋಗಲ್ಲ, ಕೈ ಮುಗಿದು ಹೋಗ್ತಾನೆ," ಎಂದರು ಪೇಂಟರ್ ಮಾಮ.

ಬಾನೆಟ್ಟಿನೊಳಗೆ ತಲೆ ಹಾಕಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರತಿ ಭಾನುವಾರವೂ ಇದೇ ಕತೆ. ಅಪ್ಪನ ಈ ಇಬ್ಬರು ಗೆಳೆಯರು ಬರುತ್ತಾರೆ, ಹಳೇ ನೀಲಿ ಕಾರಿನ ಸುತ್ತ ನಿಂತು ಅದರ ಮಾನ ಹರಾಜು ಹಾಕುತ್ತಾರೆ.

ಮಗಳಿಗೆ ಮಾತ್ರ ನಗು ಬರಲಿಲ್ಲ. ಎಲ್ಲದಕ್ಕೂ 'ಯಾಕೆ?' ಅನ್ನುತ್ತಾಳೆಂದು ಮನೆಯಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರು. ದೊಡ್ಡವರೇ ಇಷ್ಟು ಆಡಿಕೊಳ್ಳುತ್ತಾರೆಂದ ಮೇಲೆ ಕಾರು ನಿಜಕ್ಕೂ ಮರ್ಯಾದೆಗೇಡು ಇರಬೇಕು ಎಂದು ಅವಳು ನಂಬಿಬಿಟ್ಟಿದ್ದಳು. ಅದಕ್ಕೇ ಒಂದು ತಿಂಗಳಿಂದ ಸ್ಕೂಲ್ ಗೇಟಿಗೆ ಮುಂಚೆಯೇ, ತಿರುವಿನಲ್ಲಿ ಇಳಿದುಬಿಡುತ್ತಿದ್ದಳು.

ಅಪ್ಪ ಯಾಕೆ ಎಂದು ಕೇಳಲಿಲ್ಲ. ಮೊನ್ನೆ ಕಾರಿನ ಹಿಂದಿನ ಗಾಜಿಗೆ 'ಮಾರಾಟಕ್ಕಿದೆ' ಎಂಬ ಕಾಗದ ಅಂಟಿಸಿದರು, ಅಷ್ಟೇ. ಇನ್ನು ನಾಚಿಕೆಪಡುವುದು ತಪ್ಪಿತಲ್ಲ, ಯಾಕಮ್ಮನಿಗೆ ಖುಷಿಯಾಗಬೇಕಿತ್ತು. ಅದರ ಬದಲು ಅಳು ಬರುತ್ತಿತ್ತು. ಯಾಕೆ?

ಅಷ್ಟರಲ್ಲಿ ಕಾರು ಕೊಳ್ಳಲು ಒಬ್ಬರು ಬಂದರು. ಒಂದು ಸುತ್ತು ಹಾಕಿ, ಟೈರಿಗೆ ಶೂವಿನಿಂದ ಒದ್ದರು.

"ಇದನ್ನ ಕಳ್ಳನೂ ಮುಟ್ಟಲ್ಲ ಬಿಡಿ," ಎಂದು ನಕ್ಕರು.

ಯಾಕಮ್ಮ ಮಾಮಂದಿರ ಮುಖ ನೋಡಿದಳು. ಹೆಚ್ಚುಕಮ್ಮಿ ಅವರದೇ ಜೋಕು. ಆದರೆ ಒಬ್ಬರೂ ನಗಲಿಲ್ಲ. ಅಪ್ಪ ಬಗ್ಗಿ, ಒದೆ ಬಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿದರು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

"ಇದನ್ನ ನೀವು ಎಷ್ಟು ಸಲ ತಳ್ಳಿದ್ದೀರಿ ಸಾರ್?" ಟೈಲರ್ ಮಾಮ ಕೇಳಿದರು.

"ನಾನ್ಯಾಕ್ರೀ ತಳ್ಳಲಿ?"

"ನನ್ನ ಹೆಂಡತೀನ ಹೆರಿಗೆಗೆ ಕರ್ಕೊಂಡು ಹೋಗಿದ್ದು ಇದರಲ್ಲೇ. ಅರ್ಧ ದಾರಿ ಇದೇ ಓಡ್ತು, ಇನ್ನರ್ಧ ನಾವು ತಳ್ಳಿದ್ವಿ."

"ಈ ನೀಲಿ ಬಣ್ಣ ಹೊಡೆದಿದ್ದು ನಾನು. ಎರಡು ಸಲ," ಎಂದರು ಪೇಂಟರ್ ಮಾಮ.

"ಅದೆಲ್ಲ ನನಗ್ಯಾಕೆ? ಕಾರು ಮಾರ್ತೀರೋ ಇಲ್ವೋ?"

ಅಪ್ಪ ಮಗಳ ಕಡೆ ನೋಡಿದರು.

ಯಾಕಮ್ಮ ಸೀದಾ ಕಾರಿನ ಹಿಂದಕ್ಕೆ ಹೋಗಿ, ಗಾಜಿಗೆ ಅಂಟಿಸಿದ್ದ ಕಾಗದವನ್ನು ಉಗುರಿನಿಂದ ಕೆರೆಯತೊಡಗಿದಳು. ಅಂಟು ಗಟ್ಟಿಯಾಗಿತ್ತು. ಅವಳು ಕೆರೆದು ಮುಗಿಸುವಷ್ಟರಲ್ಲಿ ಬಂದವರು ಬಂದ ದಾರಿ ಹಿಡಿದಿದ್ದರು.

ಸೋಮವಾರ ಬೆಳಿಗ್ಗೆ ತಿರುವು ಬಂತು. ಅಪ್ಪ ಅಭ್ಯಾಸದಂತೆ ನಿಧಾನ ಮಾಡಿದರು.

"ಇಲ್ಲಿ ಬೇಡ ಅಪ್ಪ, ಗೇಟ್ ತನಕ ಹೋಗು."

"ಯಾಕೆ?" ಈ ಸಲ ಕೇಳಿದವರು ಅಪ್ಪ.

"ಇಲ್ಲಿ ಕೆಟ್ಟು ನಿಂತ್ರೆ ನಾವಿಬ್ರೇ. ಅಲ್ಲಾದ್ರೆ ತಳ್ಳೋಕೆ ನಮ್ಮ ಇಡೀ ಕ್ಲಾಸೇ ಇರುತ್ತೆ."

ಅಪ್ಪ ಎಷ್ಟು ನಕ್ಕರೆಂದರೆ, ಅವರ ಕಾಲು ಕ್ಲಚ್ಚಿನಿಂದ ಜಾರಿ ಕಾರು ಕೆಮ್ಮಿ ನಿಂತೇ ಹೋಯಿತು.

ಯಾಕಮ್ಮ ಬ್ಯಾಗನ್ನು ಸೀಟಿನ ಮೇಲಿಟ್ಟಳು. ಬಾಗಿಲು ತೆಗೆದು, ಅಂಗಿಯ ತೋಳು ಮಡಚಿಕೊಂಡು, ತಳ್ಳಲು ಹಿಂದಕ್ಕೆ ಹೋದಳು.