ಬೋಲ್ಟು ಹಾಕಿದ ಮಂಚ

ನರ್ಸು ಆ ಊರಿಗೆ ಬಂದ ಮೂರನೆಯ ದಿನ ಬಡಗಿ ಮಂಚ ತಂದ. ತಂದ ಅಂದರೆ ಕಾಲು, ಪಟ್ಟಿ, ಹಲಗೆ ಎಲ್ಲ ಬೇರೆ ಬೇರೆಯಾಗಿ ಹೊತ್ತು ತಂದು, ಅವಳ ಕೋಣೆಯಲ್ಲಿ ಕೂತು ಸ್ಪ್ಯಾನರಿನಿಂದ ಬಿಗಿಯತೊಡಗಿದ. ಒಂದೊಂದು ಕಾಲಿಗೆ ಎರಡೆರಡು ಬೋಲ್ಟು.

ಊರವರ ಮಂಚಗಳನ್ನು ಅವಳು ಆಗಲೇ ನೋಡಿದ್ದಳು. ಮರಕ್ಕೆ ಮರ ತೂರಿಸಿ, ಬೆಣೆ ಹೊಡೆದು ಕೂಡಿಸಿದವು. ಕಬ್ಬಿಣದ ಸೋಂಕೂ ಇಲ್ಲ. ತನಗೆ ಮಾತ್ರ ಯಾಕೆ ಹೀಗೆ ಎಂದು ಕೇಳಿದಳು.

"ಹೋಗುವಾಗ ಬಿಚ್ಚೋಕೆ ಸುಲಭ," ಅಂದ ಅವನು, ತಲೆ ಎತ್ತದೆ. "ನಿಮಗಿಂತ ಮುಂಚೆ ಬಂದ ನಾಲ್ಕು ಜನಾನೂ ನನ್ನ ಕೈಯಲ್ಲೇ ಬಿಚ್ಚಿಸಿದ್ದು."

ಅವಳಿಗೆ ಮೈಯೆಲ್ಲ ಉರಿಯಿತು. ನಗರದ ದೊಡ್ಡ ಆಸ್ಪತ್ರೆ ಬಿಟ್ಟು, ಬಸ್ಸಿನ ಕೊನೆಯ ಸ್ಟಾಪಿನ ಈ ಊರನ್ನು ತಾನಾಗಿ ಕೇಳಿ ಬಂದವಳು. ಕೂತ್ಕೊಳ್ಳಿ ಅನ್ನುವ ಮೊದಲೇ ಹೋಗುವ ಮಾತು!

ಆದರೆ ಆ ಉರಿ ಬಹಳ ದಿನ ಇರಲಿಲ್ಲ. ಕಿಟಕಿ ಕಚ್ಚಿಕೊಳ್ಳುತ್ತೆ ಎಂದು ಅವಳು ಹೇಳಿ ಕಳಿಸುವುದು, ಇನ್ನೊಂದು ಸಲ ನೋಡ್ತೀನಿ ಎಂದು ಅವನು ಬರುವುದು, ಹೀಗೆ ಒಂದೇ ಕಿಟಕಿಯನ್ನು ಆರು ಸಲ ಹೆರೆದಾಯಿತು. ಹೆರೆಯುತ್ತ ಅವನು ಓರೆಗಣ್ಣಲ್ಲಿ ನೋಡುತ್ತಿದ್ದ. ಮಾತ್ರೆ ಎಣಿಸುತ್ತಿದ್ದ ಅವಳಿಗೆ ಲೆಕ್ಕ ತಪ್ಪುತ್ತಿತ್ತು. ಬಿಪಿ ನೋಡಿಸಲು ಬಂದ ಅವನ ಚಿಕ್ಕಮ್ಮ, ಇನ್ನೂ ಹೆರೆದರೆ ಕಿಟಕಿಯೇ ಉಳಿಯಲ್ಲ ಕಣಮ್ಮ, ನೀನೇ ಏನಾದರೂ ಹೇಳಿಬಿಡು ಅವನಿಗೆ ಅಂದಳು.

ಹನ್ನೊಂದನೆಯ ತಿಂಗಳಲ್ಲಿ ಅವಳು ಹೇಳಿದಳು. "ಈ ಮಂಚ ಕಿರುಗುಟ್ಟುತ್ತೆ. ಊರವರ ಥರದ್ದು ಮಾಡಿಕೊಡು."

"ಅದನ್ನ ಬಿಚ್ಚೋಕಾಗಲ್ಲ."

"ಬಿಚ್ಚು ಅಂತ ಯಾರು ಕೇಳಿದ್ರು?"

ಅವನು ತಲೆ ಎತ್ತಿ ಅವಳನ್ನೇ ನೋಡಿದ. ರೆಪ್ಪೆಯ ಮೇಲೆಲ್ಲ ಮರದ ಪುಡಿ. ಆಮೇಲೆ ನಕ್ಕ. ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಆ ದಿನ. ತನ್ನ ಮನೆಗೆಂದು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಮರವನ್ನು ಮಾರನೆಯ ಬೆಳಿಗ್ಗೆಯೇ ಅಟ್ಟದಿಂದ ಇಳಿಸಿದ.

ನಾಲ್ಕು ಕಾಲು ಸಿದ್ಧವಾಗುವ ಹೊತ್ತಿಗೆ ಬಸ್ಸಿನಲ್ಲಿ ಅವಳ ವರ್ಗಾವಣೆಯ ಆದೇಶ ಬಂತು. ಕಂಡಕ್ಟರ್ ಲಕೋಟೆಯನ್ನು ಅವಳ ಕೈಗಿಡುವ ಮೊದಲೇ ಸುದ್ದಿ ಊರೆಲ್ಲ ಸುತ್ತಿತ್ತು.

ಅರ್ಜಿ ಹಾಕಿದ್ದು ಅವಳೇ; ಆದೇಶದಲ್ಲೂ ಹಾಗೆಂದೇ ಇತ್ತು. ಎರಡನೆಯ ತಿಂಗಳು ವಾರಗಟ್ಟಲೆ ಜ್ವರ ಬಂದು, ಇಲ್ಲಿ ಸತ್ತರೂ ಕೇಳುವವರಿಲ್ಲ ಅನ್ನಿಸಿ ಬರೆದದ್ದು. ಆಮೇಲೆ ಒಂದು ಸಾಲು ಬರೆದು ವಾಪಸ್ ತೆಗೆದುಕೊಳ್ಳಬಹುದಿತ್ತು. ಇರಲಿ ಬಿಡು, ಇದ್ದರೇನು ಎಂದು ಬಿಟ್ಟಿದ್ದಳು.

ಅವನ ಮರಗೆಲಸದ ಕೊಟ್ಟಿಗೆಗೆ ಓಡಿದಳು. ಅವನು ಉಳಿ ಒರೆಸುತ್ತಿದ್ದ.

"ಯಾವಾಗ ಬರೆದದ್ದು?"

"ಎರಡನೇ ತಿಂಗಳು. ಆಗ ನೀನು ಎಂಥವನು ಅಂತ ನನಗೆ ಗೊತ್ತಿರಲಿಲ್ಲ."

"ಮಂಚ ಕೇಳಿದಾಗ ಗೊತ್ತಿತ್ತಲ್ಲ."

ವರ್ಗಾವಣೆ ಬೇಡ ಅಂತ ಇವತ್ತೇ ಬರೆಯುತ್ತೇನೆ ಎಂದಳು ಅವಳು.

"ಬರೀರಿ. ಊರಿಗೆ ನರ್ಸು ಬೇಕು." ಧ್ವನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವಳು ಜಗಳವಾಡಬಹುದಿತ್ತು. "ನನಗೆ ಮಾತ್ರ, ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಎದ್ದು ನೋಡೋ ಬಾಳು ಬೇಡ."

ಅವಳು ಬರೆದಳು. ಉಳಿದಳು. ಇದ್ದು ತೋರಿಸಿದರೆ ನಂಬುತ್ತಾನೆ ಎಂದುಕೊಂಡು ಒಂದು ದಿನವೂ ರಜೆ ಹಾಕದೆ ವರ್ಷ ಕಳೆದಳು. ದಾರಿಯಲ್ಲಿ ಸಿಕ್ಕರೆ ಅವನು ಚೆನ್ನಾಗಿದ್ದೀರಾ ಅನ್ನುತ್ತಿದ್ದ, ಅಷ್ಟೇ. ಕಿಟಕಿ ಈಗ ನಿಜವಾಗಿಯೂ ಕಚ್ಚಿಕೊಂಡಿತ್ತು. ಅವಳು ಹೇಳಿ ಕಳಿಸಲಿಲ್ಲ.

ಒಂದು ಮಧ್ಯಾಹ್ನ ಅವನೇ ಬಂದ, ಅಂಗೈಗೆ ಬಟ್ಟೆ ಸುತ್ತಿಕೊಂಡು. ಉಳಿ ಜಾರಿತ್ತು. ಅವಳು ತೊಳೆದು ಹೊಲಿಗೆ ಹಾಕತೊಡಗಿದಳು. ಎರಡನೆಯ ಹೊಲಿಗೆಗೆ ಅವನು ಗೋಡೆ ನೋಡುತ್ತ, ಮುಂದಿನ ತಿಂಗಳು ಮದುವೆ, ಹುಡುಗಿ ಗುಡ್ಡದಾಚೆಯವಳು ಎಂದ.

ಸೂಜಿ ನಿಲ್ಲಲಿಲ್ಲ.

"ಒಂದು ವರ್ಷ ಇದ್ದೆನಲ್ಲ," ಅಂದಳು ಅವಳು. "ನೋಡಲಿಲ್ವಾ?"

"ನೋಡ್ದೆ. ದಿನಾ ನೋಡ್ದೆ. ನಂಬೋ ಹೊತ್ತಿಗೆ ಮಾತು ಕೊಟ್ಟಾಗಿತ್ತು."

ಅವಳು ಗಂಟು ಹಾಕಿ ದಾರ ಕತ್ತರಿಸಿದಳು. ಅವನ ಕೈಯನ್ನು ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದಿದ್ದು, ಮೆಲ್ಲಗೆ ಅವನ ತೊಡೆಯ ಮೇಲಿಟ್ಟಳು.

"ಎಂಟು ದಿನ ಬಿಟ್ಟು ಹೊಲಿಗೆ ತೆಗೆಸಿಕೊಳ್ಳೋಕೆ ಬಾ," ಅಂದಳು. "ನಾನು ಇರ್ತೀನಿ."